ಅಮೆರಿಕದ ನಾಲ್ಕಾಣೆ, ಐದು ಗೆರೆ, ಒಂದು ಬಿದ್ದುಹೋದ ಮುಖ

ಪ್ರಾಜೆಕ್ಟ್ ಮೇಲೆ ಅಮೆರಿಕಕ್ಕೆ ಬಂದ ನಮ್ಮಂಥವರಿಗೆ ಡಾಲರ್‌ಗಿಂತ ಮೊದಲು ಬೆಲೆ ಗೊತ್ತಾಗೋದು ಕ್ವಾರ್ಟರ್‌ದು. ಆ ಕ್ವಾರ್ಟರ್ ಅಲ್ಲ ಮಾರಾಯ್ರೆ :) ಇಪ್ಪತ್ತೈದು ಸೆಂಟಿನ ನಾಣ್ಯ. ನಮ್ಮ ಲೆಕ್ಕದಲ್ಲಿ ನಾಲ್ಕಾಣೆ. ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿರುವ ವಾಷಿಂಗ್ ಮಷೀನು ನೋಟು ನುಂಗೋದಿಲ್ಲ, ಕಾರ್ಡು ಮೂಸಿ ಕೂಡ ನೋಡೋದಿಲ್ಲ. ಅದಕ್ಕೆ ಕ್ವಾರ್ಟರೇ ಆಗಬೇಕು. ಹಾಗಾಗಿ ಮನೆಯಲ್ಲಿ ಉಪ್ಪಿನಕಾಯಿ ಖಾಲಿಯಾದ ಬಾಟಲಿ ತುಂಬ ನಾಲ್ಕಾಣೆ.

ಈ ನಾಣ್ಯಗಳಲ್ಲಿ ಒಂದು ಮಜಾ ಇದೆ. 1999ರಿಂದ 2008ರವರೆಗೆ ಇಲ್ಲಿನ ಟಂಕಸಾಲೆ ಐವತ್ತು ರಾಜ್ಯಕ್ಕೂ ಒಂದೊಂದು ಕ್ವಾರ್ಟರ್ ಹೊರಡಿಸಿತು. ವರ್ಷಕ್ಕೆ ಐದು, ರಾಜ್ಯಗಳು ಒಕ್ಕೂಟ ಸೇರಿದ ಕ್ರಮದಲ್ಲೇ. ಒಂದು ಕಡೆ ಎಂದಿನಂತೆ ಜಾರ್ಜ್ ವಾಷಿಂಗ್ಟನ್, ಇನ್ನೊಂದು ಕಡೆ ಆ ರಾಜ್ಯದ ಚಿತ್ರ. ಚಿತ್ರ ಯಾವುದು ಅಂತ ಆಯಾ ರಾಜ್ಯವೇ ಮುಂದೆ ನಿಂತು ಆರಿಸಿದ್ದು. ಅಂದರೆ ಇದು ಒಂದು ಥರದ ಪಾಸ್‌ಪೋರ್ಟ್ ಫೋಟೋ. "ನಿನ್ನ ಮುಖ ಯಾವುದು, ಒಂದೇ ಒಂದು ತೋರಿಸು" ಅಂತ ಕೇಳಿದಾಗ ಪ್ರತಿಯೊಬ್ಬರೂ ಕೊಟ್ಟ ಉತ್ತರ.

ಒಂದು ಶನಿವಾರ ನಾನು, ರೂಮ್‌ಮೇಟ್ ಸೇರಿ ಬಾಟಲಿ ಬೋರಲು ಹಾಕಿ ನಾಣ್ಯಗಳನ್ನೆಲ್ಲ ಸಾಲಾಗಿ ಇಟ್ಟೆವು. ಪಕ್ಕದಲ್ಲೇ ಒಂದು ಕಾಗದದಲ್ಲಿ ನಮ್ಮದೇ ಇನ್ನೊಂದು ಪಟ್ಟಿ: ಹೊರಗಿನವನಿಗೆ ಆ ರಾಜ್ಯ ಅಂದ ತಕ್ಷಣ ಕಣ್ಣಿಗೆ ಬರುವ ಕಟ್ಟಡ ಅಥವಾ ಗುರುತು ಯಾವುದು? ಎರಡೂ ಪಟ್ಟಿ ಹೊಂದುತ್ತವೆ ಅಂದುಕೊಂಡು ಕೂತಿದ್ದು. ಹೊಂದಲಿಲ್ಲ! ವಾಷಿಂಗ್ಟನ್ ರಾಜ್ಯ ಅಂದ್ರೆ ನಮಗೆ ಸಿಯಾಟಲ್‌ನ ಸ್ಪೇಸ್ ನೀಡಲ್. ಅವರ ನಾಣ್ಯದಲ್ಲಿ ನೆಗೆಯುವ ಸಾಲ್ಮನ್ ಮೀನು, ಹಿಂದೆ ಮೌಂಟ್ ರೇನಿಯರ್. ನೆವಾಡಾ ಅಂದ್ರೆ ಲಾಸ್ ವೇಗಸ್‌ನ ದೀಪಗಳು. ಅವರ ನಾಣ್ಯದಲ್ಲಿ ಓಡುವ ಕಾಡುಕುದುರೆಗಳು. ಕ್ಯಾಲಿಫೋರ್ನಿಯಾ ಗೋಲ್ಡನ್ ಗೇಟ್ ಸೇತುವೆಯನ್ನೂ ಹಾಲಿವುಡ್ ಅಕ್ಷರಗಳನ್ನೂ ಬಿಟ್ಟು ಜಾನ್ ಮ್ಯೂರ್ ಮತ್ತು ಯೊಸೆಮಿಟಿಯ ಬಂಡೆ ಹಾಕಿಕೊಂಡಿದೆ. ಟೆಕ್ಸಸ್‌ನವರು ಅಲಾಮೋ ಬಿಟ್ಟು ಒಂದು ನಕ್ಷತ್ರ. ಐವತ್ತರಲ್ಲಿ ಮನುಷ್ಯ ಕಟ್ಟಿದ ಗುರುತು ಕಾಣೋ ನಾಣ್ಯ ಎಣಿಸೋಕೆ ಎರಡು ಕೈಯ ಬೆರಳು ಹೆಚ್ಚುಕಡಿಮೆ ಸಾಕು.

ಹೊರಗಿನವರು ಗುರುತಿಸೋ ಮುಖ ಬೇರೆ, ಊರಿನವರು ತಮ್ಮದು ಅಂದುಕೊಳ್ಳೋ ಮುಖ ಬೇರೆ. ಇದು ನಮಗೆ ಹೊಸದೇನಲ್ಲ ಬಿಡಿ. ಇಂಡಿಯಾ ಅಂದ ತಕ್ಷಣ ಆಫೀಸಿನಲ್ಲಿ ಎಲ್ಲರೂ "ಓ, ತಾಜ್ ಮಹಲ್!" ಅಂತಾರೆ. ಬೆಂಗಳೂರಿನಿಂದ ಆಗ್ರಾಗೆ ಎಷ್ಟು ದೂರ ಅಂತ ವಿವರಿಸೋಕೆ ಹೋದರೆ ಕಾಫಿ ಆರಿಹೋಗುತ್ತೆ.

* * *

ಈಗ ನಮ್ಮ ಪಟ್ಟಿಗೆ ನಾವು ಮಾಡಿಕೊಂಡ ರೂಲು ಹೇಳ್ತೀನಿ. ಐದು ಗೆರೆ. ಅಷ್ಟರಲ್ಲಿ ಬರೆದು ತೋರಿಸಿದಾಗ ಎದುರಿಗಿರೋನು ಹೆಸರು ಹೇಳಬೇಕು. ಹೇಳಿದರೆ ಪಾಸು, ಇಲ್ಲದಿದ್ದರೆ ಫೇಲು. ಎತ್ತರ, ಖರ್ಚು, ಇತಿಹಾಸ ಯಾವುದೂ ಲೆಕ್ಕಕ್ಕಿಲ್ಲ.

ಸ್ಪೇಸ್ ನೀಡಲ್ ಮೊದಲನೇ ಏಟಿಗೇ ಪಾಸು. ಆಗಲೇಬೇಕು, ಯಾಕಂದ್ರೆ ಅದು ಹುಟ್ಟಿದ್ದೇ ಒಂದು ಗೀಚಿನಲ್ಲಿ. 1962ರ ವಿಶ್ವಮೇಳಕ್ಕೆ ಏನಾದರೂ ಎದ್ದು ಕಾಣೋದು ಬೇಕು ಅಂತ ಯೋಚಿಸುತ್ತಿದ್ದ ಎಡ್ವರ್ಡ್ ಕಾರ್ಲ್‌ಸನ್ ಅನ್ನೋ ಹೋಟೆಲ್ ಉದ್ಯಮಿ, ಜರ್ಮನಿಯ ಸ್ಟುಟ್‌ಗಾರ್ಟ್‌ನ ಟವರ್ ನೋಡಿ, ಕೈಗೆ ಸಿಕ್ಕ ಕಾಗದದ ಮೇಲೆ ಗೀಚಿದ್ದು. ಎತ್ತರ 605 ಅಡಿ. ಅದೇ ಊರಲ್ಲಿ 1985ರಲ್ಲಿ ಎದ್ದ ಕೊಲಂಬಿಯಾ ಸೆಂಟರ್ ಇದಕ್ಕಿಂತ ಎಷ್ಟೋ ಎತ್ತರ, 76 ಮಹಡಿ. ಅದನ್ನು ಐದು ಗೆರೆಯಲ್ಲಿ ಬರೆದರೆ ಅದು ಒಂದು ಡಬ್ಬ. ಯಾವ ಊರಿನ ಡಬ್ಬವಾದರೂ ಆಗಬಹುದು.

ಈ ಪರೀಕ್ಷೆಯಲ್ಲಿ ಸಾಮೂಹಿಕವಾಗಿ ಫೇಲಾದವರು ಯಾರು ಗೊತ್ತಾ? ವಿಧಾನಸಭೆಗಳು! ಪ್ರತಿ ರಾಜ್ಯವೂ ತನ್ನ ಮುಖವಾಗಲಿ ಅಂತಲೇ ದುಡ್ಡು ಸುರಿದು ಕಟ್ಟಿದ್ದು ತನ್ನ ಕ್ಯಾಪಿಟಲ್ ಕಟ್ಟಡವನ್ನ. ಆದರೆ ಬಹುಪಾಲು ರಾಜ್ಯಗಳು ವಾಷಿಂಗ್ಟನ್ ಡಿಸಿಯ ಗುಮ್ಮಟ ನೋಡಿ ತಾವೂ ಒಂದು ಗುಮ್ಮಟ ಎಬ್ಬಿಸಿದವು. ಕಂಬ, ಮೆಟ್ಟಿಲು, ಮೇಲೊಂದು ಗುಮ್ಮಟ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕಾಪಿ ಪೇಸ್ಟ್. ಗೆರೆ ಎಳೆದು ತೋರಿಸಿದರೆ ಯಾವ ರಾಜ್ಯದ್ದು ಅಂತ ಯಾರಿಗೂ ಹೇಳೋಕಾಗಲ್ಲ. ಪಾಪ, ಮೇರಿಲ್ಯಾಂಡಿನ ಮರದ ಗುಮ್ಮಟ ಮಾತ್ರ ಈಗಿನ ವಾಷಿಂಗ್ಟನ್ ಗುಮ್ಮಟಕ್ಕಿಂತ ಹಳೇದು. ಸೇನಾಪತಿ ವಾಷಿಂಗ್ಟನ್ 1783ರ ಡಿಸೆಂಬರಿನಲ್ಲಿ ಸೈನ್ಯಕ್ಕೆ ರಾಜೀನಾಮೆ ಕೊಟ್ಟದ್ದು ಅದೇ ಕಟ್ಟಡದಲ್ಲಿ. ಅವರು ಹೆಮ್ಮೆಯಿಂದ ಅದನ್ನೇ ನಾಣ್ಯಕ್ಕೆ ಹಾಕಿದ್ದಾರೆ. ನೋಡಿದವರು "ಯಾವುದೋ ಗುಮ್ಮಟ" ಅಂತಾರೆ.

ಗುಂಪಿನಿಂದ ಹೊರಗೆ ನಿಂತವರೂ ಕೆಲವರಿದ್ದಾರೆ. ನೆಬ್ರಾಸ್ಕಾ 400 ಅಡಿಯ ಗೋಪುರ ಕಟ್ಟಿ ತುದಿಯಲ್ಲಿ ಬೀಜ ಬಿತ್ತುವ ರೈತನನ್ನು ನಿಲ್ಲಿಸಿತು. ನ್ಯೂ ಮೆಕ್ಸಿಕೋದ್ದು ದುಂಡಗಿದೆ. ಲೂಯಿಸಿಯಾನಾದಲ್ಲಿ ಹ್ಯೂಯಿ ಲಾಂಗ್ ಅನ್ನೋ ಗವರ್ನರ್ ಹಟ ಹಿಡಿದು 34 ಮಹಡಿ, 450 ಅಡಿಯ ಕ್ಯಾಪಿಟಲ್ ಕಟ್ಟಿಸಿದ. ಅಮೆರಿಕದ ರಾಜ್ಯ ಕ್ಯಾಪಿಟಲ್‌ಗಳಲ್ಲಿ ಇವತ್ತಿಗೂ ಅದೇ ಎತ್ತರ. 1932ರಲ್ಲಿ ಕಟ್ಟಡ ಮುಗೀತು. 1935ರಲ್ಲಿ ಅದೇ ಕಟ್ಟಡದೊಳಗೆ ಅವನಿಗೆ ಗುಂಡು ಬಿತ್ತು. ಎರಡು ದಿನದಲ್ಲಿ ಸತ್ತ. ಸಮಾಧಿಯೂ ಅದರ ಮುಂದಿನ ತೋಟದಲ್ಲೇ.

* * *

ಪರೀಕ್ಷೆಯಲ್ಲಿ ಫಸ್ಟ್ ರ್‍ಯಾಂಕ್ ಮಿಸೌರಿಗೆ. ಐದು ಗೆರೆ ಯಾಕೆ, ಒಂದೇ ಗೆರೆ ಸಾಕು. ಸೇಂಟ್ ಲೂಯಿಸ್‌ನ ಗೇಟ್‌ವೇ ಆರ್ಚ್. 630 ಅಡಿ ಎತ್ತರ, ಕಾಲಿಂದ ಕಾಲಿಗೂ 630 ಅಡಿ. ಅವರ ನಾಣ್ಯದಲ್ಲೂ ಅದೇ ಇದೆ. ಎರಡೂ ಪಟ್ಟಿಯಲ್ಲಿ ಒಂದೇ ಉತ್ತರ ಬಂದ ಅಪರೂಪದ ರಾಜ್ಯ.

ನಾನು ಅದರ ಮೇಲೆ ಹತ್ತಿದ್ದೀನಿ. ಹತ್ತಿದ್ದೀನಿ ಅಂದ್ರೆ ಹತ್ತಿಸಿಕೊಂಡು ಹೋದರು. ಕಮಾನಿನ ಟೊಳ್ಳು ಕಾಲಿನೊಳಗೆ ಐದು ಸೀಟಿನ ಮೊಟ್ಟೆಯಂಥ ಡಬ್ಬಿಗಳ ಒಂದು ಪುಟಾಣಿ ರೈಲು. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕು. ನಾಲ್ಕು ನಿಮಿಷ ಟಕ್ ಟಕ್ ಅಂತ ಓರೆಯಾಗುತ್ತ, ನೆಟ್ಟಗಾಗುತ್ತ ಮೇಲೆ ಹೋಗುತ್ತೆ. ಇದನ್ನು ಮಾಡಿದ ಡಿಕ್ ಬೌಸರ್‌ಗೆ ಡಿಸೈನ್ ಕೊಡೋಕೆ ಸಿಕ್ಕಿದ್ದು ಎರಡೇ ವಾರ. ಕಾಲೇಜು ಅರ್ಧಕ್ಕೆ ಬಿಟ್ಟ ಮನುಷ್ಯ. ನಾಲ್ಕು ವರ್ಷ ಡ್ರಾಫ್ಟರ್ ಹೊತ್ತುಕೊಂಡು ಬಸ್ಸಿಗೆ ಓಡಿದ ನಾನು ಆ ಡಬ್ಬಿಯಲ್ಲಿ ಕೂತು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ :)

ಆರ್ಚ್‌ನ ಕಥೆಯಲ್ಲಿ ಇನ್ನೂ ಒಂದು ತಮಾಷೆ ಇದೆ. 1947-48ರಲ್ಲಿ ನಡೆದ ಸ್ಪರ್ಧೆಗೆ ಅಪ್ಪ ಎಲಿಯೆಲ್ ಸಾರಿನೆನ್, ಮಗ ಈರೋ ಸಾರಿನೆನ್ ಇಬ್ಬರೂ ಬೇರೆ ಬೇರೆಯಾಗಿ ನಕ್ಷೆ ಕಳಿಸಿದ್ದರು. ಆಯ್ಕೆಯಾಗಿದ್ದು ಮಗನದ್ದು, ತಂತಿ ಬಂದಿದ್ದು ಅಪ್ಪನ ಹೆಸರಿಗೆ. ಮನೆಯವರೆಲ್ಲ ಅಪ್ಪನಿಗೆ ಷಾಂಪೇನ್ ತೆರೆದರು. ಆಮೇಲೆ ತಪ್ಪು ಗೊತ್ತಾಗಿ, ಮಗನಿಗೋಸ್ಕರ ಎರಡನೇ ಬಾಟಲಿ. ಆ ಮಗ 1961ರಲ್ಲಿ, ಕಮಾನಿನ ಮೊದಲ ತುಂಡು ಕೂರೋ ಮೊದಲೇ ತೀರಿಕೊಂಡ. 1965ರ ಅಕ್ಟೋಬರ್ 28ಕ್ಕೆ ಎರಡೂ ಕಾಲು ಸೇರಿಸೋ ಕೊನೇ ತುಂಡು ಕೂರಿಸಬೇಕು. ಬಿಸಿಲಿಗೆ ಉಕ್ಕು ಹಿಗ್ಗಿದರೆ ತುಂಡು ಕೂರಲ್ಲ. ಅಗ್ನಿಶಾಮಕದವರು ದಕ್ಷಿಣದ ಕಾಲಿಗೆ ಪೈಪಿನಲ್ಲಿ ನೀರು ಹೊಡೆದು ತಣ್ಣಗೆ ಮಾಡಿದರು. ಕೂತಿತು! ಕೆಲಸದಲ್ಲಿ ಹದಿಮೂರು ಜನ ಸಾಯಬಹುದು ಅಂತ ವಿಮೆಯವರು ಲೆಕ್ಕ ಹಾಕಿದ್ದರಂತೆ. ಒಬ್ಬರೂ ಸಾಯಲಿಲ್ಲ.

ಇಷ್ಟೂ ಕೇಳಿದರೆ ಖುಷಿಯಾಗುತ್ತೆ. ಮೇಲಿನ ಸಣ್ಣ ಕಿಟಕಿಗಳಿಗೆ ಹೊಟ್ಟೆ ಊರಿ ಮಲಗಿದ ಹಾಗೆ ಬಗ್ಗಿ ನೋಡಿದೆ. ಒಂದು ಕಡೆ ಮಿಸಿಸಿಪಿ ನದಿ, ಕಂದು ಬಣ್ಣ. ಇನ್ನೊಂದು ಕಡೆ ಹಸಿರು ಹುಲ್ಲು, ಅದರಾಚೆ ಒಂದು ಹಳೇ ಕೋರ್ಟು. ಇಷ್ಟು ದೊಡ್ಡ ಊರಿನ ನಡುವೆ ನದಿ ದಂಡೆಯಲ್ಲಿ ಇಷ್ಟೊಂದು ಖಾಲಿ ಜಾಗ ಹೇಗೆ ಉಳಿಯಿತು ಅಂತ ನನಗೆ ಅನುಮಾನ. ಉಳಿದದ್ದಲ್ಲ, ಉಳಿಸಿಕೊಂಡದ್ದು. ಅಲ್ಲಿ ಊರಿತ್ತು. 1939ರಿಂದ 1942ರೊಳಗೆ ಸ್ಮಾರಕಕ್ಕೆ ಅಂತ ನಲವತ್ತು ಬ್ಲಾಕುಗಳನ್ನು ನೆಲಸಮ ಮಾಡಿದರು. ಗೋದಾಮು, ಅಂಗಡಿ, ಕಾರ್ಖಾನೆ ಎಲ್ಲಾ. ಆಮೇಲೆ ದುಡ್ಡಿಲ್ಲದೆ ಸುಮಾರು ಇಪ್ಪತ್ತು ವರ್ಷ ಆ ಜಾಗದಲ್ಲಿ ಕಾರು ನಿಲ್ಲಿಸುತ್ತಿದ್ದರು.

ಆ ಹಳೇ ಕೋರ್ಟು ಇದೆಯಲ್ಲ, ಅಲ್ಲೇ 1847 ಮತ್ತು 1850ರಲ್ಲಿ ಡ್ರೆಡ್ ಸ್ಕಾಟ್ ಅನ್ನೋ ಗುಲಾಮನ ಬಿಡುಗಡೆಯ ಕೇಸು ನಡೆದದ್ದು. ಕೊನೆಗೆ 1857ರಲ್ಲಿ ಸುಪ್ರೀಂ ಕೋರ್ಟು ಕಪ್ಪು ಜನ ಈ ದೇಶದ ಪ್ರಜೆಗಳೇ ಆಗೋಕೆ ಸಾಧ್ಯವಿಲ್ಲ ಅಂತ ತೀರ್ಪು ಕೊಟ್ಟಿತು. ನೂರೇಳು ವರ್ಷ ಕಳೆದ ಮೇಲೆ, 1964ರ ಜುಲೈನಲ್ಲಿ, ಅದೇ ಕೋರ್ಟಿನೆದುರು ಅರ್ಧ ಎದ್ದು ನಿಂತಿದ್ದ ಆರ್ಚ್‌ನ ಉತ್ತರದ ಕಾಲನ್ನು ಪರ್ಸಿ ಗ್ರೀನ್, ರಿಚರ್ಡ್ ಡೇಲಿ ಅನ್ನೋ ಇಬ್ಬರು ಯುವಕರು ಹತ್ತಿದರು. 125 ಅಡಿ ಮೇಲೆ ಹೋಗಿ ನಾಲ್ಕು ಗಂಟೆ ಕೂತರು. ಸರ್ಕಾರದ ದುಡ್ಡಿನಲ್ಲಿ ಕಟ್ಟುತ್ತಿರೋ ಈ ಕಮಾನಿನಲ್ಲಿ ಕಪ್ಪು ಜನಕ್ಕೆ ಕುಶಲ ಕೆಲಸ ಯಾಕಿಲ್ಲ ಅನ್ನೋದು ಅವರ ಪ್ರಶ್ನೆ. ನಾನು ಟಿಕೆಟ್ ತಗೊಂಡು ರೈಲಿನಲ್ಲಿ ಹತ್ತಿದೆ. ಅವರು ಕೆಲಸಗಾರರ ಏಣಿ ಹಿಡಿದು ಹತ್ತಿದರು. ಒಂದೇ ಗೆರೆಯಲ್ಲಿ ಬರೆಯಬಹುದು ಅಂದೆನಲ್ಲ, ಆ ಗೆರೆಯಲ್ಲಿ ಇದ್ಯಾವುದೂ ಕಾಣೋದಿಲ್ಲ.

* * *

ಆಮೇಲೆ ಉಳಿದ ಚಿತ್ರಗಳನ್ನೂ ಹೀಗೇ ಕೆರೆಯೋ ಚಾಳಿ ಹತ್ತಿತು. ಪ್ರತಿಯೊಂದರ ಅಡಿಯಲ್ಲೂ ಏನೋ ಇದೆ.

ಅಲಾಮೋ ತಗೊಳ್ಳಿ. 1836ರ ಯುದ್ಧ, ಟೆಕ್ಸಸ್‌ನವರ ಬಲಿದಾನ ಎಲ್ಲಾ ಅಲ್ಲೇ. ಅದರ ಚಿತ್ರ ಬರೆಯೋರು ಮೊದಲು ಎಳೆಯೋದೇ ಮುಂಗೋಡೆಯ ನೆತ್ತಿಯ ಮೇಲಿನ ಗಂಟೆಯಾಕಾರದ ಆ ಉಬ್ಬನ್ನ. ಯುದ್ಧ ನಡೆದಾಗ ಆ ಉಬ್ಬು ಅಲ್ಲಿ ಇರಲೇ ಇಲ್ಲ! 1850ರಲ್ಲಿ ಅಮೆರಿಕದ ಸೈನ್ಯ ಪಾಳುಬಿದ್ದ ಆ ಚರ್ಚನ್ನು ಉಗ್ರಾಣ ಮಾಡಿಕೊಂಡು, ಸೂರು ಹಾಕುವಾಗ ಸೇರಿಸಿದ್ದು ಅದು. ಅಂದರೆ ಇಡೀ ಟೆಕ್ಸಸ್ಸಿನ ನೆನಪಿಗೆ ಗುರುತು ಕೊಟ್ಟದ್ದು ಒಂದು ಗೋಡೌನ್ ರಿಪೇರಿ.

ಗೋಲ್ಡನ್ ಗೇಟ್ ಸೇತುವೆ 1937ರ ಮೇ ತಿಂಗಳಲ್ಲಿ ತೆರೆಯಿತು. ಎರಡು ಗೋಪುರದ ನಡುವೆ 4,200 ಅಡಿ. ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್‌ನ ಪ್ರತಿಮೆ ಅಲ್ಲಿದೆ. ಆದರೆ ರಾತ್ರಿ ಹಗಲು ಕೂತು ಲೆಕ್ಕ ಹಾಕಿದ್ದು ಚಾರ್ಲ್ಸ್ ಎಲ್ಲಿಸ್ ಅನ್ನೋ ಮೇಷ್ಟ್ರು, ಲಿಯಾನ್ ಮೋಯಿಸೀಫ್ ಜೊತೆ ಸೇರಿ. 1931ರಲ್ಲಿ ಸ್ಟ್ರಾಸ್ ಅವನನ್ನು ಕೆಲಸದಿಂದ ತೆಗೆದ. ಕೆಲಸ ಹೋದ ಮೇಲೂ ಎಲ್ಲಿಸ್ ಸಂಬಳವಿಲ್ಲದೆ ಆ ಲೆಕ್ಕವನ್ನೇ ಮತ್ತೆ ಮತ್ತೆ ಮಾಡುತ್ತಿದ್ದನಂತೆ. ಸೇತುವೆ ಮುಗಿದಾಗ ಅವನ ಹೆಸರು ಎಲ್ಲೂ ಇಲ್ಲ. ಅವನ ಹೆಸರಿನ ಫಲಕ ಬಂದಿದ್ದು ಸೇತುವೆಗೆ ಎಪ್ಪತ್ತೈದು ತುಂಬಿದಾಗ, 2012ರಲ್ಲಿ. ರಿಲೀಸ್ ಮೇಲ್‌ನಲ್ಲಿ ಯಾರ್‍ಯಾರ ಹೆಸರು ಇರುತ್ತೆ, ಯಾರ್‍ಯಾರದ್ದು ಇರಲ್ಲ ಅಂತ ಗೊತ್ತಿರೋ ನಮ್ಮ ಬಳಗಕ್ಕೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

ಇಲಿನಾಯ್ ಬಗ್ಗೆ ನಮಗೆ ಸ್ವಲ್ಪ ಹೆಮ್ಮೆ ಪಡೋ ಅವಕಾಶ ಇದೆ. ಷಿಕಾಗೋದ ಕಪ್ಪು ಗೋಪುರ, 1,450 ಅಡಿ. ಒಂಬತ್ತು ಚೌಕ ಕೊಳವೆಗಳನ್ನು ಕಟ್ಟು ಕಟ್ಟಿ ನಿಲ್ಲಿಸಿ, ಒಂದೊಂದನ್ನು ಒಂದೊಂದು ಎತ್ತರದಲ್ಲಿ ಕತ್ತರಿಸಿದ ಹಾಗಿದೆ. ಆ ಉಪಾಯ ಫಜ್ಲುರ್ ರೆಹಮಾನ್ ಖಾನ್ ಅವರದ್ದು. 1929ರಲ್ಲಿ ಢಾಕಾದಲ್ಲಿ ಹುಟ್ಟಿದವರು, ಆಗ ಅದು ಅವಿಭಜಿತ ಬಂಗಾಳ. ಗೋಪುರದ ಹೆಸರು 2009ರಲ್ಲಿ ಸಿಯರ್ಸ್‌ನಿಂದ ವಿಲ್ಲಿಸ್ ಅಂತ ಬದಲಾಯಿತು. ಊರಿನವರು ಇನ್ನೂ ಸಿಯರ್ಸ್ ಅಂತಲೇ ಅಂತಾರೆ, ನಾವು ಮೆಜೆಸ್ಟಿಕ್ ಅನ್ನೋ ಹಾಗೆ. ಈಗ ಅದಕ್ಕೂ ಹೆಚ್ಚು ಫೋಟೋ ತೆಗೆಸಿಕೊಳ್ಳೋದು ಪಾರ್ಕಿನಲ್ಲಿರುವ ಕನ್ನಡಿಯಂಥ 'ಬೀನ್'. 2006ರಲ್ಲಿ ಪೂರ್ತಿಯಾದ ಅದು ಬೊಂಬಾಯಲ್ಲಿ ಹುಟ್ಟಿದ ಅನೀಶ್ ಕಪೂರ್ ಅವರದ್ದು. ಅವರಿಟ್ಟ ಹೆಸರು ಕ್ಲೌಡ್ ಗೇಟ್. ಜನ ನೋಡಿದರು, ಹುರುಳಿಕಾಯಿ ಬೀಜದ ಥರ ಇದೆ ಅಂದರು, ಮುಗೀತು. ಹೆಸರಿಡೋದು ಕಲಾವಿದನ ಕೈಲಿಲ್ಲ.

ವೆಸ್ಟ್ ವರ್ಜೀನಿಯಾದವರ ನಾಣ್ಯ ನೋಡಿ ನನಗೆ ಖುಷಿಯಾಯಿತು. ನ್ಯೂ ರಿವರ್ ಕಣಿವೆಯ ಸೇತುವೆ, 1977ರದ್ದು, ನದಿಯಿಂದ 876 ಅಡಿ ಮೇಲೆ. ಮೊದಲು ಕಣಿವೆ ಇಳಿದು ಹತ್ತೋಕೆ ನಲವತ್ತು ನಿಮಿಷಕ್ಕೂ ಹೆಚ್ಚು ಬೇಕಿತ್ತು. ಈಗ ಒಂದು ನಿಮಿಷವೂ ಬೇಡ. ಬಣ್ಣ ಬಳಿಯೋ ಕೆಲಸವಿಲ್ಲ, ತನ್ನ ಮೇಲಿನ ತುಕ್ಕನ್ನೇ ಕವಚ ಮಾಡಿಕೊಳ್ಳೋ ಉಕ್ಕು. ವರ್ಷಕ್ಕೊಮ್ಮೆ ಅಕ್ಟೋಬರಿನಲ್ಲಿ 'ಬ್ರಿಡ್ಜ್ ಡೇ' ಅಂತ ಮಾಡಿ, ವಾಹನ ನಿಲ್ಲಿಸಿ, ಪ್ಯಾರಾಚೂಟ್ ಕಟ್ಟಿಕೊಂಡು ಅಲ್ಲಿಂದ ಹಾರ್ತಾರೆ. ನಮ್ಮ ಹೆಮ್ಮೆ ಇದೇ ಅಂತ ಊರಿನವರು ತೋರಿಸಿದ್ದು ರಾಜನ ಅರಮನೆಯನ್ನಲ್ಲ, ದಿನಾ ಓಡಾಡೋ ದಾರಿಯನ್ನ.

ಅರಮನೆ ಅಂದಾಗ ನೆನಪಾಯ್ತು. ಹವಾಯಿಯಲ್ಲಿ ಅದೂ ಇದೆ. ಹೊನೊಲುಲುವಿನ ಇಯೊಲಾನಿ ಅರಮನೆ, 1882ರಲ್ಲಿ ಕಟ್ಟಿ ಮುಗಿಸಿದ್ದು. ಶ್ವೇತಭವನಕ್ಕಿಂತ ಮೊದಲೇ ಅಲ್ಲಿ ಕರೆಂಟು ಬಂದಿತ್ತು. 1893ರಲ್ಲಿ ರಾಣಿ ಲಿಲಿಯುಒಕಲಾನಿಯನ್ನು ಪದಚ್ಯುತಗೊಳಿಸಿದರು. 1895ರಲ್ಲಿ ಅವಳದೇ ಅರಮನೆಯ ಮಹಡಿ ಕೋಣೆಯಲ್ಲಿ ಅವಳನ್ನು ತಿಂಗಳುಗಟ್ಟಲೆ ಕೂಡಿಹಾಕಿದರು. ಅವಳು ಅಲ್ಲಿ ಕೌದಿ ಹೊಲೆಯುತ್ತ ಕೂತಳು. ನಮ್ಮ ಅಜ್ಜಿಯಂದಿರು ಹೊಲೀತಿದ್ದರಲ್ಲ, ಅಂಥದ್ದೇ ತುಂಡು ಬಟ್ಟೆಯ ಕೌದಿ. ಅರಮನೆಯನ್ನು 1969ರವರೆಗೆ ಸರ್ಕಾರದ ಕಟ್ಟಡವಾಗಿ ಬಳಸಿದರು. ಅಮೆರಿಕದ ಸಂಸತ್ತು ಕ್ಷಮೆ ಕೇಳಿದ್ದು 1993ರಲ್ಲಿ, ನೂರು ವರ್ಷ ಕಳೆದು.

ದಕ್ಷಿಣ ಡಕೋಟಾದ ಮೌಂಟ್ ರಶ್‌ಮೋರ್ ಎಲ್ಲರಿಗೂ ಗೊತ್ತು. ನಾಲ್ಕು ಅಧ್ಯಕ್ಷರ ತಲೆ, ಒಂದೊಂದೂ 60 ಅಡಿ, 1927ರಿಂದ 1941ರವರೆಗೆ ಕೆತ್ತಿದ್ದು. ಜೆಫರ್‌ಸನ್‌ನನ್ನು ಮೊದಲು ವಾಷಿಂಗ್ಟನ್‌ನ ಇನ್ನೊಂದು ಪಕ್ಕ ಕೆತ್ತೋಕೆ ಶುರು ಮಾಡಿ, ಕಲ್ಲು ಸರಿಯಿಲ್ಲ ಅಂತ ಡೈನಮೈಟ್ ಇಟ್ಟು ಉಡಾಯಿಸಿ ಈಚೆ ಪಕ್ಕ ಕೆತ್ತಿದರು. ಆದರೆ ಆ ಕಪ್ಪು ಬೆಟ್ಟಗಳು ಲಕೋಟಾ ಜನರ ಪವಿತ್ರ ಜಾಗ. ಅದು ಅವರದೇ ಅಂತ 1868ರಲ್ಲಿ ಅಮೆರಿಕ ಒಪ್ಪಂದಕ್ಕೆ ಸಹಿ ಹಾಕಿತ್ತು. ಚಿನ್ನ ಸಿಕ್ಕಿತು, 1877ರಲ್ಲಿ ಕಿತ್ತುಕೊಂಡಿತು. 1980ರಲ್ಲಿ ಸುಪ್ರೀಂ ಕೋರ್ಟು ಇದು ಅನ್ಯಾಯ, ಪರಿಹಾರ ಕೊಡಿ ಅಂದಿತು. ಹತ್ತು ಕೋಟಿ ಡಾಲರಿಗೂ ಮೇಲೆ. ಅವರು ಮುಟ್ಟಲಿಲ್ಲ. ದುಡ್ಡು ಬೇಡ, ಬೆಟ್ಟ ಕೊಡಿ ಅಂದರು. ಬಡ್ಡಿ ಸೇರಿ ಅದು ನೂರು ಕೋಟಿ ಡಾಲರ್ ದಾಟಿದೆ, ಇವತ್ತಿಗೂ ಮುಟ್ಟಿಲ್ಲ. ಅಮೆರಿಕದ ಕಡುಬಡ ಜಿಲ್ಲೆಗಳಲ್ಲಿ ಕೆಲವು ಅವರವೇ, ಆದರೂ. ನಾಣ್ಯದಲ್ಲಿ ನಾಲ್ಕು ತಲೆ ಚೆನ್ನಾಗಿ ಮೂಡಿವೆ. ಬೆಟ್ಟ ಯಾರದ್ದು ಅನ್ನೋದು ನಾಣ್ಯದಲ್ಲಿ ಹಿಡಿಸೋ ಮಾತಲ್ಲ.

* * *

ಕೊನೆಗೆ ನ್ಯೂ ಹ್ಯಾಂಪ್‌ಷೈರ್. ಇದಕ್ಕೋಸ್ಕರಾನೇ ಇಷ್ಟೆಲ್ಲ ಬರೆಯೋಕೆ ಕೂತಿದ್ದು.

2000ನೇ ಇಸವಿಯ ಅವರ ನಾಣ್ಯದಲ್ಲಿ ಒಂದು ಮುಖ ಇದೆ. 'ಬೆಟ್ಟದ ಮುದುಕ'. ಫ್ರಾಂಕೋನಿಯಾ ಕಣಿವೆಯಲ್ಲಿ, ಕೆಳಗಿನ ಕೆರೆಯಿಂದ 1,200 ಅಡಿ ಮೇಲೆ, ಬಂಡೆಯ ಅಂಚು ಪಕ್ಕದಿಂದ ನೋಡಿದರೆ ಥೇಟ್ ಮುದುಕನ ಮುಖ. ಹಣೆ, ಮೂಗು, ಗದ್ದ. 40 ಅಡಿ. ಯಾರೂ ಕೆತ್ತಿದ್ದಲ್ಲ. ಒಂದು ನಿರ್ದಿಷ್ಟ ಕಡೆಯಿಂದ ಮಾತ್ರ ಮುಖ, ನಾಲ್ಕು ಹೆಜ್ಜೆ ಆಚೆ ಹೋದರೆ ಬರೀ ಬಂಡೆ. ಕಟ್ಟಡವಲ್ಲ ಅಂತ ಪಟ್ಟಿಯಿಂದ ತೆಗೆಯೋಕೂ ಮನಸ್ಸು ಬರಲಿಲ್ಲ, ಯಾಕಂದ್ರೆ ಅದು ಬೀಳದ ಹಾಗೆ ಜನ ಅದನ್ನು ಕಟ್ಟಡದ ಹಾಗೇ ನೋಡಿಕೊಂಡರು. 1916ರಲ್ಲೇ ಬಿರುಕಿಗೆ ಕಬ್ಬಿಣ ಹಾಕಿ ಬಿಗಿದರು. 1958ರಲ್ಲಿ ಸಿಮೆಂಟು, ಉಕ್ಕಿನ ಸರಳು, ನೀರು ಹರಿಯೋಕೆ ಕಾಲುವೆ. ನೀಲ್ಸ್ ನೀಲ್ಸನ್ ಅನ್ನೋ ರಾಜ್ಯದ ನೌಕರ ವರ್ಷ ವರ್ಷ ಹಗ್ಗ ಕಟ್ಟಿಕೊಂಡು ಇಳಿದು ಬಿರುಕು ಅಳೆದು ತುಂಬುತ್ತಿದ್ದರು. ಅವರಾದ ಮೇಲೆ ಮಗ. ಅಪ್ಪ ತೀರಿಕೊಂಡಾಗ ಮಗ ಅವರ ಬೂದಿಯನ್ನು ಮುದುಕನ ಕಣ್ಣಿನ ಜಾಗದ ಬಿರುಕಿನಲ್ಲಿ ಇಟ್ಟ.

2003ರ ಮೇ 3ರ ಬೆಳಗ್ಗೆ ಮೋಡ ಸರಿದಾಗ ಮುಖ ಇರಲಿಲ್ಲ. ರಾತ್ರಿ ಯಾವಾಗಲೋ ಕುಸಿದಿತ್ತು. ಯಾರೂ ನೋಡಲಿಲ್ಲ. ಜನ ಬಂದು ಬೆಟ್ಟದ ಬುಡದಲ್ಲಿ ಹೂ ಇಟ್ಟು ಹೋದರಂತೆ, ಮನೆಯಲ್ಲಿ ಯಾರೋ ಹಿರಿಯರು ಹೋದ ಹಾಗೆ. ನಾಣ್ಯ ಬಂದು ಮೂರೇ ವರ್ಷವಾಗಿತ್ತು.

ಮತ್ತೆ ಕಟ್ಟಬೇಕಾ ಬೇಡವಾ ಅಂತ ಚರ್ಚೆ ಆಯಿತು. ಪ್ಲಾಸ್ಟಿಕ್ಕೋ ಕಾಂಕ್ರೀಟೋ ಹಾಕಿ ನಕಲು ಮಾಡೋಕೆ ಆಗದ ಕೆಲಸವೇನಲ್ಲ, ಈ ದೇಶಕ್ಕೆ. ಬೇಡ ಅಂದರು. ಬದಲಿಗೆ 2011ರಲ್ಲಿ ಕೆರೆಯ ದಂಡೆಯಲ್ಲಿ ಕೆಲವು ಉಕ್ಕಿನ ಕಂಬ ನೆಟ್ಟರು. ಸುಮ್ಮನೆ ನೋಡಿದರೆ ಓರೆಕೋರೆ ಉಬ್ಬುತಗ್ಗಿನ ಕಂಬಗಳು, ಅಷ್ಟೇ. ನೆಲದಲ್ಲಿ ನಿಮ್ಮ ಎತ್ತರಕ್ಕೆ ತಕ್ಕ ಹಾಗೆ ಗುರುತು ಹಾಕಿದ್ದಾರೆ. ಸರಿಯಾದ ಗುರುತಿನ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ, ಕಂಬದ ತುದಿಯನ್ನು ದೂರದ ಬೋಳು ಬಂಡೆಗೆ ಹೊಂದಿಸಿದರೆ, ಖಾಲಿ ಆಕಾಶದಲ್ಲಿ ಹಣೆ, ಮೂಗು, ಗದ್ದ ಮತ್ತೆ ಕೂರುತ್ತವೆ.

ನಾನಿನ್ನೂ ಅಲ್ಲಿಗೆ ಹೋಗಿಲ್ಲ. ಆದರೆ ಐವತ್ತರಲ್ಲಿ ನನಗೆ ಅತಿ ಹೆಚ್ಚು ನೋಡಬೇಕು ಅನ್ನಿಸಿರೋದು ಇದನ್ನೇ, ಇಲ್ಲದ ಗುರುತನ್ನ. ಆ ರಾಜ್ಯದ ನಂಬರ್ ಪ್ಲೇಟಿನಲ್ಲಿ, ಹೆದ್ದಾರಿಯ ಬೋರ್ಡುಗಳಲ್ಲಿ ಮುದುಕ ಈಗಲೂ ಇದ್ದಾನೆ. ಬೇರೆ ರಾಜ್ಯಗಳಲ್ಲಿ ಗುರುತು ಇದೆ, ಅದರ ಅಡಿಯ ಕಥೆ ಜನಕ್ಕೆ ಮರೆತಿದೆ. ಇಲ್ಲಿ ಗುರುತು ಹೋಗಿದೆ, ಕಥೆ ಉಳಿದಿದೆ. ಎರಡರಲ್ಲಿ ಯಾವುದು ಗಟ್ಟಿ ಅಂತ ನನ್ನನ್ನು ಕೇಳಿದರೆ ಎರಡನೆಯದೇ ಅಂತೀನಿ. ಕಲ್ಲನ್ನು ಕಾಯೋಕೆ ಒಂದು ಕುಟುಂಬ ಹಗ್ಗದಲ್ಲಿ ನೇತಾಡಿತು, ಆದರೂ ಬಿತ್ತು. ನೆನಪು ಕಾಯೋಕೆ ನಿಮ್ಮ ಎತ್ತರದ ಗುರುತಿನ ಮೇಲೆ ನೀವು ನಿಲ್ಲಬೇಕು, ಅಷ್ಟೇ.

ಹಾಂ, ಕರ್ನಾಟಕಕ್ಕೂ ಇದೇ ಐದು ಗೆರೆ ಪರೀಕ್ಷೆ ಇಟ್ಟೆವು. 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನಲ್ಲಿ ಹಂಪಿಯ ಕಲ್ಲಿನ ರಥ ಇದೆ, ಆದರೆ ಐದು ಗೆರೆಗೆ ಅದು ಬಗ್ಗೋದಿಲ್ಲ. 1956ರಲ್ಲಿ ಮುಗಿದ ವಿಧಾನಸೌಧ ಇಲ್ಲಿನ ಗುಮ್ಮಟಗಳ ಥರ ಕಾಪಿ ಅಲ್ಲ ಅಂತ ನಾನು ವಾದ ಮಾಡಿದೆ. ರೂಮ್‌ಮೇಟ್ ಬಿಜಾಪುರದ ಕಡೆಯವನು. ಒಂದು ಅರ್ಧ ವೃತ್ತ, ಕೆಳಗೊಂದು ಚೌಕ, ಪಕ್ಕಕ್ಕೆ ಎರಡು ಗೆರೆ, ನಾಲ್ಕರಲ್ಲೇ ಗೋಲಗುಮ್ಮಟ ಮುಗಿಸಿ ಪೆನ್ನು ಕೆಳಗಿಟ್ಟ. ಐದನೇ ಗೆರೆ ಏನು ಮಾಡ್ತೀಯೋ ಅಂದೆ. "ಅದು ಪ್ರತಿಧ್ವನಿಗೆ" ಅಂದ.

ನಿಮ್ಮ ಐದು ಗೆರೆಯಲ್ಲಿ ಏನು ಬರುತ್ತೆ? ಅದರ ಅಡಿಯಲ್ಲಿ ಏನಿದೆ? ಎರಡನ್ನೂ ಹೇಳಿ.